ಆಯೇರಿಗೆ ಹೋದ ಪಿಕಪ್

ನನ್ನ ಸೋದರಮಾವನ ಬಲಗಿವಿಯ ಮೇಲೆ ಎಂಟಾಣೆ ಅಗಲದ ಒಂದು ಕಪ್ಪು ಕಲೆ ಇತ್ತು. ಹುಟ್ಟಿನಿಂದ ಬಂದದ್ದಲ್ಲ. ಎಂಜಿನ್ ಕೆಟ್ಟರೆ ಅವನು ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ಕೂರುತ್ತಿದ್ದ. ಆ ಹಿಡಿಯ ಗ್ರೀಸು ವರ್ಷಗಟ್ಟಲೆ ಅಲ್ಲೇ ಕೂತು ಚರ್ಮವೇ ಆಗಿಬಿಟ್ಟಿತ್ತು. ದೀಪಾವಳಿಗೆ ಅವ್ವ ತನ್ನ ಈ ತಮ್ಮನನ್ನು ಮಣೆಯ ಮೇಲೆ ಕೂರಿಸಿ, ಎಣ್ಣೆ ಹಚ್ಚಿ, ಕಡಲೆಹಿಟ್ಟು ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. "ಬಿಡಕ್ಕ, ಅದು ನನ್ನ ಅಂಗಡಿ ಬೋರ್ಡು" ಎನ್ನುತ್ತಿದ್ದ.

ಅಂಗಡಿ ಇದ್ದದ್ದು ರಂಗಂಪೇಟೆಯಲ್ಲಿ. ಕಾಲುವೆಗೆ ನೀರು ಬಿಟ್ಟ ಮೇಲೆ ಸುತ್ತಲಿನ ಊರುಗಳಲ್ಲಿ ಟ್ರ್ಯಾಕ್ಟರು, ಪಂಪುಸೆಟ್ಟು ಹೆಚ್ಚಿ ಮಾಮಾನ ಕೈಗೆ ಬಿಡುವು ಇಲ್ಲದಾಯಿತು. ಬಾಯಿಗಂತೂ ಮೊದಲಿನಿಂದಲೂ ಇರಲಿಲ್ಲ. ಎಂಜಿನ್ನಿನ ಜೊತೆಗೂ ಮಾತಾಡುವವನು. "ಯಾಕ, ಮುನಿಸಿಕೊಂಡಿಯೇನು? ಯಾರು ಏನಂದ್ರು ನಿನಗ?" ಎಂದು ಕಾರ್ಬುರೇಟರನ್ನು ರಮಿಸುತ್ತಿದ್ದ.

ಅವನಿಂದ ನನಗಾದ ಉಪಕಾರವನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಬರುವುದು ಹೆಚ್ಚಾಗಿ ಸಿಟ್ಟೇ. ನನ್ನ ಹತ್ತನೆಯ ತರಗತಿ ಮುಗಿದಾಗ ಅಪ್ಪ "ಇನ್ನ ಸಾಕು" ಎಂದಿದ್ದ. ಮಾಮಾ ನಾರಾಯಣಪುರದ ನಮ್ಮ ಕ್ವಾರ್ಟರ್ಸಿಗೆ ಬಂದು ಹೊಸ್ತಿಲ ಹೊರಗೆ ಕೂತುಬಿಟ್ಟ. "ಭಾವಾರ, ಹುಡುಗಿಗಿ ಮಾಸ್ತರಿಕಿ ಓದಸ್ತೀನಿ ಅನ್ರಿ, ಒಳಗ ಬಂದು ಉಣ್ತೀನಿ. ಇಲ್ಲಂದ್ರ ಇಲ್ಲೇ ಇರ್ತೀನಿ." ಒಂದೂವರೆ ದಿನ ಉಣ್ಣಲಿಲ್ಲ. ಕೊನೆಗೆ ಅಪ್ಪನೇ ಸೋತ. ನಾನು ಶಹಾಪುರದ ಶಾಲೆಯಲ್ಲಿ ಪಾಠ ಮಾಡಿ ಉಂಡ ಅನ್ನವೆಲ್ಲ ಅವನು ಆ ಹೊಸ್ತಿಲಲ್ಲಿ ಬಿಟ್ಟ ಊಟದಿಂದ ಬಂದದ್ದು.

ಅಪ್ಪ ಸರ್ಕಾರಿ ಡ್ರೈವರು. ಕಾಲುವೆ ಅಗೆಯುವ ಕಾಲದಲ್ಲಿ ಅವನಿಗೆ ಒಂದು ಪಿಕಪ್ ಗಾಡಿ ಕೊಟ್ಟಿದ್ದರು. ಮುಂದೆ ಉದ್ದ ಮೂತಿ, ಎರಡು ಗುಂಡು ದೀಪ, ಹಿಂದೆ ಸಾಮಾನು ಹೇರಲು ಜಾಗ. ಎಂಜಿನಿಯರುಗಳನ್ನು, ಸಿಮೆಂಟು ಚೀಲಗಳನ್ನು, ಕೆಲಸದಲ್ಲಿ ಪೆಟ್ಟಾದ ಕೂಲಿಯವರನ್ನು ಅದರಲ್ಲಿ ಹೊತ್ತು ತಿರುಗಿದ. ಹೆಂಡತಿಯನ್ನು ಮಾತ್ರ ಒಂದು ದಿನವೂ ಕೂರಿಸಲಿಲ್ಲ. ಅವ್ವನಿಗೆ ಹಿತ್ತಲಲ್ಲಿ ಚೇಳು ಕಡಿದಾಗ ಗಾಡಿ ಬಾಗಿಲ ಮುಂದೆಯೇ ನಿಂತಿತ್ತು. ಅದು ಸರ್ಕಾರದ್ದು ಎಂದು ಅಪ್ಪ ಬಸ್ಸಿಗೆ ಕಾದು ಅವಳನ್ನು ಆಸ್ಪತ್ರೆಗೆ ಕರೆದೊಯ್ದ. ಅಂಥ ಮನುಷ್ಯ.

ಅಪ್ಪನ ನೌಕರಿ ಇನ್ನು ಮೂರು ವರ್ಷ ಇದೆ ಎನ್ನುವಾಗ ಮೂಲೆಯಲ್ಲಿ ತುಕ್ಕು ಹಿಡಿದು ನಿಂತಿದ್ದ ಆ ಪಿಕಪ್ಪನ್ನು ಹರಾಜಿಗೆ ಇಟ್ಟರು. ಇಲಾಖೆಯ ನೌಕರರು ಹರಾಜಿನಲ್ಲಿ ಕೂಗುವ ಹಾಗಿರಲಿಲ್ಲ. ಅಪ್ಪ ಮೂರು ದಿನ ಸರಿಯಾಗಿ ಉಣ್ಣದೆ ಒದ್ದಾಡಿ, ಕೊನೆಗೆ ತನ್ನ ರೊಕ್ಕ ಕೊಟ್ಟು ಮಾಮಾನ ಹೆಸರಿನಲ್ಲಿ ಕೂಗಿಸಿದ. ಅವನು ಬದುಕಿನಲ್ಲಿ ಮಾಡಿದ ಒಂದೇ ಕಳ್ಳ ಕೆಲಸ ಅದು. "ಹೆಸರು ನಂದು, ಗಾಡಿ ನಿಮ್ದು, ಭಾವಾರ. ನಿಮ್ಮ ಕಾಗದ ನನ್ನ ಪೆಟಿಗ್ಯಾಗ ಇದ್ರೇನು, ನಿಮ್ಮ ಪೆಟಿಗ್ಯಾಗ ಇದ್ರೇನು?" ಎಂದು ಮಾಮಾ ನಕ್ಕ. ನಾವೂ ನಕ್ಕೆವು.

ಅಪ್ಪನ ಆಸೆ ಒಂದೇ. ರಿಟೈರಾದ ದಿನ ಅವ್ವನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು, ಕಾಲುವೆಯ ದಂಡೆಯ ರಸ್ತೆ ಹಿಡಿದು, ಅಣೆಕಟ್ಟಿನಿಂದ ನೀರು ಮುಟ್ಟುವ ಕೊನೆಯ ಹೊಲದ ತನಕ ಹೋಗಬೇಕು. ಅವ್ವ ಬಿಡುವವಳೇ? "ಚೇಳು ಕಡದು ಹನ್ನೆರಡು ವರ್ಷಕ್ಕ ಗಾಡಿ ಬಂತು ನೋಡು" ಎಂದಳು. ಆದರೂ ಮುಖ ಅರಳಿತ್ತು.

ಗಾಡಿ ಮಾಮಾನ ಅಂಗಳದ ಬೇವಿನ ಗಿಡದ ಕೆಳಗೆ ಬಂದು ನಿಂತಿತು. ಎರಡೂವರೆ ವರ್ಷ ನಮ್ಮ ಭಾನುವಾರಗಳೆಲ್ಲ ಅಲ್ಲೇ. ನಾನು ಶಹಾಪುರದಿಂದ, ಅಪ್ಪ ಅವ್ವ ನಾರಾಯಣಪುರದಿಂದ ಬಸ್ಸು ಹತ್ತಿ ಬರುತ್ತಿದ್ದೆವು. ಮಾಮಾ ಎಲ್ಲರ ಕೈಗೂ ಉಜ್ಜುವ ಕಾಗದ ಕೊಟ್ಟು, "ಉಜ್ಜ್ರಿ, ತುಕ್ಕಿಗಿ ನಾಚಿಕಿ ಬರೂತನಕ ಉಜ್ಜ್ರಿ" ಎಂದು ತಾನು ಎಂಜಿನ್ನಿನ ಕೆಳಗೆ ಮಲಗುತ್ತಿದ್ದ. ಬೂದಿ ಬಣ್ಣ ಹೋಯಿತು, ಅದರ ಕೆಳಗಿನ ಹಳದಿ ಹೋಯಿತು, ಆಮೇಲೆ ಹೆಸರುಕಾಳಿನಂಥ ಹಸಿರು ಕಂಡಿತು. ಅಪ್ಪ ಕೈ ನಿಲ್ಲಿಸಿದ. "ಇದ. ನನ್ನ ಕೈಗಿ ಬಂದಾಗ ಇದ ಬಣ್ಣ ಇತ್ತು" ಎಂದ. ಮಾಮಾ ಕಿಸೆಯಲ್ಲಿ ಒಂದು ಹಿಡಿ ಹೆಸರುಕಾಳು ಹಾಕಿಕೊಂಡು ಯಾದಗಿರಿಯ ಅಂಗಡಿಗಳನ್ನು ನಾಲ್ಕು ಸಲ ಸುತ್ತಿ, ಅದೇ ಬಣ್ಣ ಕಲಸಿಕೊಂಡು ಬಂದ. ಸೀಟಿನ ಹೊಲಿಗೆ ಅವ್ವನದು. ಹಳೆ ಸೀರೆಗಳನ್ನು ಪದರ ಪದರವಾಗಿ ಒಳಗೆ ಇಟ್ಟು, ಕೌದಿ ಹೊಲಿಯುವ ಹಾಗೆಯೇ ಮೇಲಿನ ಗಟ್ಟಿ ರೆಕ್ಸಿನ್ನಿಗೂ ದಬ್ಬಣ ಹಾಕಿದಳು. ಬೆರಳೆಲ್ಲ ತೂತು. ತನ್ನ ಕಡೆಯ ಸೀಟಿಗೆ ಒಂದು ಸಾಲು ಹೆಚ್ಚೇ ಹೊಲಿದುಕೊಂಡಳು, ಕದ್ದು.

ಎಂಜಿನ್ ಮೊದಲ ಸಲ ಚಾಲೂ ಆದ ದಿನ ಮಾಮಾ ಸ್ಕ್ರೂಡ್ರೈವರಿನ ಹಿಡಿಯನ್ನು ನನ್ನ ಕಿವಿಗೆ ಹಚ್ಚಿದ. "ಏನಂತದ?"

"ಟಕಟಕ ಅಂತದ, ಮಾಮಾ."

"ಮಾಸ್ತರಬಾಯಿಗಿ ಕಿವಿನ ಇಲ್ಲ. ನಿಮ್ಮಪ್ಪಗ ಕರ್ಯಾಕತ್ತದ ಅದು." ಹಾಗೆಂದು ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಂಡ. ಆ ಕಣ್ಣೀರು ಸುಳ್ಳಾಗಿರಲಿಲ್ಲ. ಸುಳ್ಳಾಗಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ.

ಅಪ್ಪನ ನಿವೃತ್ತಿಗೆ ಎರಡು ತಿಂಗಳು ಇರುವಾಗ ಮಾಮಾನ ಒಬ್ಬಳೇ ಮಗಳ ಮದುವೆ ಶಹಾಪುರದ ಮನೆತನಕ್ಕೆ ಗೊತ್ತಾಯಿತು. "ಮದುಮಗಳನ್ನ ನಮ್ಮ ಗಾಡ್ಯಾಗ ಕರ್ಕೊಂಡು ಹೋಗೂಣು, ಭಾವಾರ. ಆಮ್ಯಾಗ ನೀವು ಅಕ್ಕನ್ನ ಎಲ್ಲಿಗರ ಒಯ್ರಿ" ಎಂದ. ಅಪ್ಪನಿಗೆ ಇದಕ್ಕಿಂತ ಸಂತೋಷ ಬೇಕೇ? ಮದುವೆಯ ಬೆಳಗ್ಗೆ ನಾನೂ ಅವ್ವನೂ ಚೆಂಡುಹೂವಿನ ಸರ ಕಟ್ಟಿ ಬಾನೆಟ್ಟಿಗೆ ಹಾಕಿದೆವು. ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸ್ಟೇರಿಂಗ್ ಹಿಡಿದ. ಮುಂದಿನ ಸೀಟಿನಲ್ಲಿ ಮದುಮಗಳು ಕೂತಳು. "ನಾ ಹಿಂದ ಕುಂದರ್ತೀನಿ, ನನಗೇನು, ಮುಂದಿನ ತಿಂಗಳಿಂದ ದಿನಾ ಇದ್ದದ್ದ" ಎಂದು ಅವ್ವ ನಮ್ಮ ಜೊತೆ ಹಿಂದೆ ಹತ್ತಿದಳು.

ಅಕ್ಕಿಕಾಳು ಬಿದ್ದ ಮೇಲೆ ಆಯೇರಿ ಶುರುವಾಯಿತು. ಯಾರ ಕಡೆಯಿಂದ ಏನು ಉಡುಗೊರೆ ಬಂತೆಂದು ಒಬ್ಬರು ಚಪ್ಪರದಲ್ಲಿ ನಿಂತು ಎಲ್ಲರಿಗೂ ಕೇಳುವ ಹಾಗೆ ಕೂಗುವುದು ನಮ್ಮ ಕಡೆಯ ಪದ್ಧತಿ. ಮಾಮಾ ಅಪ್ಪನ ಹತ್ತಿರ ಬಂದು ಕೈ ಚಾಚಿದ. "ಭಾವಾರ, ಕೀಲಿ ಕೊಡ್ರಿ." ಗಾಡಿ ಯಾರಿಗೋ ಅಡ್ಡವಾಗಿರಬೇಕು ಎಂದುಕೊಂಡು ಅಪ್ಪ ಕೊಟ್ಟ. ಮಾಮಾ ಅದನ್ನು ಒಯ್ದು ವೀಳ್ಯದೆಲೆಯ ತಾಟಿನಲ್ಲಿಟ್ಟು ಅಳಿಯನ ಮುಂದೆ ಹಿಡಿದ. ಕೂಗುವವನು ಮಾಮಾನ ಹೆಸರು ಹೇಳಿ, "ಅಳಿಯಗ ಒಂದು ಪಿಕಪ್ ಗಾಡಿ" ಎಂದ.

ಚಪ್ಪಾಳೆ ಬಿದ್ದವು. ಪಕ್ಕದಲ್ಲಿದ್ದವರೆಲ್ಲ ತಟ್ಟುತ್ತಿದ್ದರು, ಅಪ್ಪನೂ ಎರಡು ಸಲ ತಟ್ಟಿದ. ಅದನ್ನು ಮಾತ್ರ ನನಗೆ ನೋಡಲಾಗಲಿಲ್ಲ. ನಾನು ಏಳಲು ಹೋದೆ, ಅವ್ವ ನನ್ನ ಸೆರಗು ಹಿಡಿದು ಕೂರಿಸಿದಳು. ಏನೆಂದು ಹೇಳುವುದು? ಕಾಗದ ಮಾಮಾನದು. ಗಾಡಿ ನನ್ನದು ಎಂದು ಅಪ್ಪ ಬಾಯಿ ತೆರೆದರೆ, ನೌಕರಿಯಲ್ಲಿದ್ದುಕೊಂಡೇ ಬೇರೆಯವರ ಹೆಸರಲ್ಲಿ ಕೂಗಿಸಿದೆ ಎಂದು ತಾನೇ ಒಪ್ಪಿಕೊಂಡಂತೆ. ಪೆನ್ಷನ್ನಿಗೆ ಇನ್ನು ಒಂದೇ ತಿಂಗಳು. ಇದೆಲ್ಲ ಮಾಮಾನಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ನಾವು ಮೂವರೂ ಬಸ್ಸಿನಲ್ಲಿ ವಾಪಸಾದೆವು.

ಮುಂದಿನ ಭಾನುವಾರ ನಾನೊಬ್ಬಳೇ ರಂಗಂಪೇಟೆಗೆ ಹೋದೆ. "ಮಾಮಾ, ಯಾಕ ಹಿಂಗ ಮಾಡಿದಿ?"

"ಗಾಡಿ ಇಲ್ಲಂದ್ರ ಮದುವಿ ಇಲ್ಲ ಅಂದ್ರವ್ವಾ ಬೀಗರು. ಹೆಣ್ಣು ಹೆತ್ತಾಂವ ನಾ, ಏನ್ಮಾಡ್ಲಿ? ನಿಮ್ಮಪ್ಪಗ ಇದಕಿಂತ ಚಲೋ ಗಾಡಿ ಮಾಡಿ ಕೊಡ್ತೀನಿ, ತಡಿ."

"ಅದರಾಗ ಅವ್ವ ಕುಂದ್ರಂಗಿಲ್ಲ" ಎಂದು ಹೇಳಿ ಬಂದೆ. ಗಾಡಿಯನ್ನು ಅವನು ಮಾಡಿಕೊಡಲೂ ಇಲ್ಲ.

ಪಿಕಪ್ಪನ್ನು ಆಮೇಲೆ ಒಂದೇ ಸಲ ನೋಡಿದ್ದು, ವಡಗೇರಾದ ಬಸ್ ನಿಲ್ದಾಣದ ಹತ್ತಿರ. ಭತ್ತದ ಚೀಲ ಹೇರಿಕೊಂಡು ನಿಂತಿತ್ತು, ಸೀಟು ಹರಿದು ಒಳಗಿನ ಸೀರೆ ಹೊರಗೆ ಬಿದ್ದಿತ್ತು. ಎರಡು ವರ್ಷದ ನಂತರ ಗುಜರಿಗೆ ಹಾಕಿದರೆಂದು ಸುದ್ದಿ ಬಂತು. ಅಪ್ಪ ರಿಟೈರಾಗಿ ಆರು ವರ್ಷ ಬದುಕಿದ. ಕಾಲುವೆಯ ಕಡೆಗೆ ಹೋಗೋಣ ಎಂಬ ಮಾತನ್ನು ಮತ್ತೆ ಎತ್ತಲಿಲ್ಲ. ಅವ್ವ ತವರಿನ ಹೊಸ್ತಿಲು ತುಳಿಯುವುದನ್ನೇ ಬಿಟ್ಟಳು. ಮಾಮಾ ಪ್ರತಿ ಪಂಚಮಿಗೆ ಸೀರೆ, ಕುಬಸ ಹಿಡಿದು ತಾನೇ ಬರುತ್ತಿದ್ದ. ಅವ್ವ ಚಹಾ ಕೊಡುತ್ತಿದ್ದಳು, ಸೀರೆಯನ್ನು ಇಸಿದುಕೊಳ್ಳುತ್ತಿದ್ದಳು, ಉಡುತ್ತಿರಲಿಲ್ಲ. "ಅವನ ಬಾಯಿಂದ ತಪ್ಪಾತು ಅಂತ ಒಂದು ಮಾತು ಬರ್ಲಿ, ನಡಕೊಂಡ ಹೋಗ್ತೀನಿ ರಂಗಂಪೇಟಿಗಿ" ಎಂದು ನನ್ನ ಮುಂದೆ ಎಷ್ಟು ಸಲ ಹೇಳಿದ್ದಾಳೋ. ಅದೊಂದು ಮಾತು ಆ ಬಡಾಯಿ ಬಾಯಿಗೆ ಬರಲೇ ಇಲ್ಲ.

ಮಾಮಾ ಹಾಸಿಗೆ ಹಿಡಿದಾಗ ನನಗೆ ಹೇಳಿಕಳಿಸಿದ. ಹೋದೆ. ಎಲುಬಿನ ಗೂಡಾಗಿದ್ದ. "ನಿಮ್ಮಪ್ಪ ಗಾಡಿದು ಏನರ ಅಂದಿದ್ನೇನವ್ವಾ?" ಎಂದ.

ಅಪ್ಪ ಸಾಯುವ ಮುಂಚೆ ಒಂದೇ ಸಲ ಅಂದಿದ್ದ. ನಾನು ಅದನ್ನು ಮುಚ್ಚಿಡಬಹುದಿತ್ತು. ಚುಚ್ಚಲೆಂದೇ ಹೇಳಿದೆ. "ಅಂದಿದ್ದ, ಮಾಮಾ. ಮದುವಿ ನಿಲ್ತದ ಅಂತ ಬಂದು ಕೇಳಿದ್ರ ನಾನ ಕೊಡ್ತಿದ್ದೆ ಅಂದ."

ಅವನು ಕಣ್ಣು ಮುಚ್ಚಿದ. ಅಳುತ್ತಾನೆ ಎಂದುಕೊಂಡೆ. "ಗೊತ್ತಿತ್ತು" ಎಂದ. "ಕೇಳಿದ್ರ ಕೊಡ್ತಿದ್ದ ನಿಮ್ಮಪ್ಪ. ಆಗ ಆಯೇರಿ ಅವನ ಹೆಸರಿಲೆ ಕೂಗ್ತಿದ್ರವ್ವಾ. ನನ್ನ ಮಗಳ ಮದುವ್ಯಾಗ."

ಬೀಗರ ಕಾಟ, ಹೆಣ್ಣು ಹೆತ್ತವನ ಸಂಕಟ ಎಂದು ಇಷ್ಟು ವರ್ಷ ಒಳಗೊಳಗೇ ಅವನಿಗೆ ಒಂದಿಷ್ಟು ಮಾಫಿ ಕೊಟ್ಟುಕೊಂಡು ಬಂದಿದ್ದೆ. ಅದೂ ಹೋಯಿತು. ಎರಡು ಚಮಚ ನೀರು ಕುಡಿಸಿ ಹೊರಗೆ ಬಂದೆ. ಮೂರನೆಯ ದಿನ ಮಾಮಾ ತೀರಿಕೊಂಡ.

ಸುದ್ದಿ ಬಂದಾಗ ನಾನು ನಾರಾಯಣಪುರದಲ್ಲಿ ಅವ್ವನ ಹತ್ತಿರವೇ ಇದ್ದೆ, ಅವಳು ಗೋಡೆಗೆ ಒರಗಿ ಕೂತಿದ್ದಳು. ಅಳಲಿಲ್ಲ, ಏಳಲೂ ಇಲ್ಲ. ನನ್ನ ಮುಖವನ್ನೇ ನೋಡಿ, "ಮೊನ್ನಿ ಹೋಗಿದ್ಯಲ್ಲ, ಏನರ ಅಂದ್ನೇನು?" ಎಂದಳು.

"ತಪ್ಪಾತು ಅಂದ, ಅವ್ವಾ" ಎಂದೆ. "ಅಕ್ಕಗ ಹೇಳು ಅಂದ."

ಅವ್ವ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಎದ್ದು ಕೈಕಾಲು ತೊಳೆದು, ತಮ್ಮ ತಂದಿದ್ದ ಸೀರೆಗಳಲ್ಲೇ ಒಂದನ್ನು ಉಟ್ಟು ಬಸ್ಸು ಹತ್ತಿದಳು. ಅವನಿಗೆ ಮೊದಲ ಹಿಡಿ ಮಣ್ಣು ಹಾಕಿದವಳು ಅವಳೇ. ಈಗ ಅವ್ವನೂ ಇಲ್ಲ, ಅದಕ್ಕೇ ಇದನ್ನು ಬರೆಯಲು ಧೈರ್ಯ ಬಂತು. ಆ ಮಾತು ನನ್ನದು, ಮಾಮಾನದಲ್ಲ.