ಮುಂಬಾಗಿಲಲ್ಲಿ ಸೋಫಾ

ಗೋವಾದ ಹಳೇ ಜಮೀನ್ದಾರರ ಬಂಗಲೆಯೊಂದರಲ್ಲಿ ಮದುವೆ ರಿಸೆಪ್ಶನ್ನಿಗೆ ಸ್ಟೇಜ್ ಕಟ್ಟುತ್ತಿದ್ದೆವು. ಎಲ್ಲ ತಯಾರಾಗಿತ್ತು, ಮದುಮಕ್ಕಳು ಕೂಡುವ ಸೋಫಾ ಮಾತ್ರ ಹಿತ್ತಲ ಬಾಗಿಲಲ್ಲಿ ಸಿಕ್ಕಿಬಿತ್ತು. ಅಡ್ಡ ಹಿಡಿದೆವು, ನೆಟ್ಟಗೆ ಹಿಡಿದೆವು, ಒಳಗೆ ಹೋಗಲಿಲ್ಲ.

ಮನೆಯೊಡತಿ ಮುದುಕಿಯ ಹತ್ತಿರ ಹೋಗಿ ಹರಕು ಕೊಂಕಣಿಯಲ್ಲಿ ಕೇಳಿದೆ: "ಬಾಯಿ, ಮುಂದಿನ ಬಾಗಿಲದಾಗ ತರ್ತೇವ್ರಿ."

"ಆ ಬಾಗಿಲದಾಗ ಸಾಮಾನು ಬರಂಗಿಲ್ಲ. ಮದುಮಗಳು ಬರ್ತಾಳ, ಬೀಗರು ಬರ್ತಾರ. ನಮ್ಮ ಮಾವನ ಕಾಲದಿಂದ ಇದ ಪದ್ಧತಿ."

ಜೊತೆಗಿದ್ದ ಮೆಹಬೂಬ, "ಎರಡು ಪ್ಲಾಸ್ಟಿಕ್ ಕುರ್ಚಿ ಒಗದು ನಡಿಯಲೇ," ಅಂದ. ಹಾಗೆ ಮಾಡಿದ್ದರೆ ಕಾಂಟ್ರ್ಯಾಕ್ಟರ್ ನಮ್ಮನ್ನು ಮತ್ತೆ ಕರೆಯುತ್ತಿರಲಿಲ್ಲ. ಸಾಲಿ ಬಿಟ್ಟಾಗಿನಿಂದ ನಾನಾಗಿ ಬಿಟ್ಟ ಕೆಲಸ ಬೇಕಾದಷ್ಟಿವೆ. ಒಂದು ಸೋಫಾ ನನ್ನ ಕೆಲಸ ಬಿಡಿಸುವುದು ಮಾತ್ರ ಆಗಬಾರದು ಅಂತ ಹಟ ಹಿಡಿದೆ.

ಸೋಫಾ ತಂದು ಮುಂದಿನ ಮೆಟ್ಟಿಲ ಕೆಳಗಿಟ್ಟು ಕಾದೆವು. ಮದುಮಗಳು ಕಾರಿನಿಂದ ಇಳಿದಳು.

"ಮೇಡಂ, ಬೈಠೋ," ಅಂದೆ.

ನನ್ನ ಮುಖ ನೋಡಿದಳು, ಮೆಟ್ಟಿಲು ನೋಡಿದಳು, ತನ್ನ ಎತ್ತರದ ಹಿಮ್ಮಡಿ ಚಪ್ಪಲಿ ನೋಡಿಕೊಂಡಳು, ಕೂತೇಬಿಟ್ಟಳು. ನಾಲ್ವರು ಎತ್ತಿದೆವು. "ಲೇ, ಸೋಫಾನ ಹಗುರಿತ್ತು," ಅಂತ ಮೆಹಬೂಬ ಕನ್ನಡದಲ್ಲಿ ಗೊಣಗಿದ.

ಬಾಗಿಲಲ್ಲಿ ಮುದುಕಿ ಅಡ್ಡ ನಿಂತಿದ್ದಳು.

"ಸಾಮಾನಲ್ಲ ಬಾಯಿ, ಮದುಮಗಳು," ಅಂದೆ.

ನನ್ನನ್ನೇ ದಿಟ್ಟಿಸಿ ನೋಡಿ, ಎರಡೂ ಕದ ತೆರೆದಳು. ಬೀಗರು ಚಪ್ಪಾಳೆ ಹೊಡೆದರು, ಬ್ಯಾಂಡಿನವರು ಊದಿದರು.

ಈಗ ಆ ಬಂಗಲೆಯಲ್ಲಿ ಯಾವ ಮದುವೆಯಾದರೂ ಮದುಮಗಳನ್ನು ಸೋಫಾದಲ್ಲೇ ಹೊತ್ತು ತರಬೇಕು. ಹೊರಲಿಕ್ಕೆ ನಮಗೇ ಕರೆ ಬರುತ್ತದೆ. ಬಂದವರಿಗೆಲ್ಲ ಮುದುಕಿಯೇ ನಿಂತು ಹೇಳುತ್ತಾಳೆ, ಇದು ತನ್ನ ಮಾವನ ಕಾಲದ ಪದ್ಧತಿಯಂತೆ.