ಏಳು ದಿನದ ಸಿಲೋನ್, ಹತ್ತು ನಿಮಿಷದ ಸಮುದ್ರ

1954ರಲ್ಲಿ ನಾನು ಮದರಾಸಿನ ಮೌಂಟ್ ರೋಡಿನಲ್ಲಿದ್ದ ಒಂದು ಟ್ರಾವೆಲ್ ಕಂಪನಿಯಲ್ಲಿ ಟೂರ್ ಕಂಡಕ್ಟರ್ ಆಗಿದ್ದೆ. ಕಂಡಕ್ಟರ್ ಎಂದ ಕೂಡಲೇ ಊರಿನವರು ಬಸ್ಸಿನಲ್ಲಿ ಸೀಟಿ ಊದುವ ಕೆಲಸ ಎಂದುಕೊಳ್ಳುತ್ತಿದ್ದರು. ಹಾಗಲ್ಲ. ಪ್ರವಾಸಕ್ಕೆ ಹೊರಟ ಗುಂಪಿನ ಜೊತೆಗೇ ಹೋಗಿ, ಅವರ ಟಿಕೆಟ್ಟು, ಪಾಸ್‌ಪೋರ್ಟು, ರೂಮು, ಊಟ, ಕೊನೆಗೆ ಯಾರದೋ ಕಳೆದುಹೋದ ಚಪ್ಪಲಿಯ ತನಕ ಎಲ್ಲವನ್ನೂ ನೋಡಿಕೊಳ್ಳುವವನು ಟೂರ್ ಕಂಡಕ್ಟರ್. ಗುಂಪು ಇಲ್ಲದ ದಿನ ಆಫೀಸಿನ ಕೌಂಟರಿನಲ್ಲಿ ಕೂತು ಪ್ರವಾಸ ಮಾರಬೇಕು. ಮಾರಿದ್ದಕ್ಕೆ ಕಮಿಷನ್ ಇತ್ತು. ಆದ್ದರಿಂದ ಬಾಯಿಗೆ ಬೀಗ ಇರಲಿಲ್ಲ.

ಆ ವರ್ಷ ನಮ್ಮ ಕಂಪನಿ ಹೊಸದಾಗಿ ತೆಗೆದ ಸರಕು 'ಐಲೆಂಡ್ ಹಾಲಿಡೇ'. ಎಗ್ಮೋರಿನಲ್ಲಿ ಬೋಟ್ ಮೇಲ್ ರೈಲು ಹತ್ತಿ ಧನುಷ್ಕೋಟಿ, ಅಲ್ಲಿಂದ ಹಡಗಿನಲ್ಲಿ ತಲೈಮನ್ನಾರ್, ಮತ್ತೆ ರೈಲಿನಲ್ಲಿ ಕೊಲಂಬೊ, ಅದರಾಚೆ ಕಡಲ ಮೇಲೇ ಕಟ್ಟಿದಂತಿದ್ದ ಒಂದು ಬಿಳಿ ಹೋಟೆಲಿನಲ್ಲಿ ಏಳು ದಿನ. ಫುಲ್ ಬೋರ್ಡ್, ಅಂದರೆ ರೂಮಿನ ಬಾಡಿಗೆಯಲ್ಲೇ ದಿನಕ್ಕೆ ನಾಲ್ಕು ಹೊತ್ತಿನ ತಿಂಡಿ ಊಟ ಸೇರಿದ್ದು. ಗಂಡ ಹೆಂಡತಿ ಇಬ್ಬರಿಗೆ 1,150 ರೂಪಾಯಿ. ನನ್ನ ಸಂಬಳ ಆಗ 140. ಬೆಲೆ ವಿಪರೀತ ಎಂದು ನನಗೆ ಗೊತ್ತಿತ್ತು. ಅದೇ ಉಪ್ಪು ನೀರು, ಅದೇ ಅಲೆ ನಮ್ಮ ಮರೀನಾದಲ್ಲಿ ಪುಕ್ಕಟೆ ಸಿಗುತ್ತಿತ್ತು, ಜೊತೆಗೆ ಒಂದಾಣೆಗೆ ಸುಂಡಲ್ ಎಂಬ ಕಡಲೆ ಉಸಲಿ ಬೇರೆ. ಆದರೆ ಗಿರಾಕಿಗೆ ಹಾಗೆ ಹೇಳುವವನು ಆ ಕುರ್ಚಿಯಲ್ಲಿ ಎಷ್ಟು ದಿನ ಕೂತಾನು?

ಜನವರಿಯ ಕೊನೆಯಲ್ಲಿ ಸೀತಾರಾಮ ಐತಾಳರು ಬಂದರು. ಕೋಟದ ಕಡೆಯವರು, ಪೆರಂಬೂರಿನಲ್ಲಿ ಮನೆ, ರೈಲ್ವೆಯ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತ. ಹಿರಿಯ ಮಗಳು ವಾರಿಜಾಳ ಮದುವೆ ಗೊತ್ತಾಗಿತ್ತು. ಗಂಡು ರಘುನಾಥ, ಬ್ಯಾಂಕಿನ ಆಫೀಸರ್. ಎರಡು ತಲೆಮಾರಿನಿಂದ ಮೈಲಾಪುರದಲ್ಲಿದ್ದ ಕನ್ನಡದ ಮನೆ. ಗಂಡಿನ ಕಡೆಯವರು ತಾವು ಮಾಡರ್ನ್ ಜನ, ವರದಕ್ಷಿಣೆ ಎಂಬ ಕೊಳಕು ಶಬ್ದವೇ ತಮ್ಮ ಮನೆಯಲ್ಲಿಲ್ಲ ಎಂದಿದ್ದರಂತೆ. ಹುಡುಗ ಹುಡುಗಿ ಮದುವೆಯಾದ ಮೇಲೆ ಸಿಲೋನಿಗೆ ಹೋಗಿಬರಲಿ, ಅಷ್ಟೇ ಸಾಕು ಎಂದಿದ್ದರಂತೆ. ಹುಡುಗನ ಬ್ಯಾಂಕಿನ ಇನ್ನೊಬ್ಬ ಆಫೀಸರ್ ಹೋಗಿಬಂದಿದ್ದ. ಅಷ್ಟೇ ಸಾಕು ಎಂಬ ಆ ಮಾತಿಗೆ ಐತಾಳರು ಪ್ರಾವಿಡೆಂಟ್ ಫಂಡಿನಿಂದ ಸಾಲ ತೆಗೆದಿದ್ದರು. ರೈಲ್ವೆಯವರ ಪಾಸು ಮದುವೆಯಾದ ಮಗಳಿಗೆ ನಡೆಯುವುದಿಲ್ಲ. ಅದೊಂದು ಉಳಿತಾಯವೂ ಅವರಿಗೆ ದಕ್ಕಲಿಲ್ಲ.

ದುಡ್ಡಿನ ಲಕೋಟೆಯನ್ನು ಕೈಯಲ್ಲೇ ಹಿಡಿದುಕೊಂಡು ಅವರು ಕೇಳಿದರು: “ಹೊಳ್ಳರೆ, ನೀವು ನಮ್ಮ ಕಡೆಯವರು, ಸತ್ಯ ಹೇಳಿ. ಇಷ್ಟು ಕೊಟ್ಟು ಹೋಗುವಂಥದ್ದು ಅಲ್ಲಿ ಎಂತ ಉಂಟು?”

“ನಿಮ್ಮ ಮಗಳು ಜನ್ಮ ಇರುವ ತನಕ ಮರೆಯುವುದಿಲ್ಲ ಐತಾಳರೆ,” ಎಂದೆ.

ಈ ಬಾಯಿಂದಲೇ ಬಂದ ಮಾತು. ಅವರ ಮುಖ ಅರಳಿತು. ವಾರಿಜಾ ಮೆಟ್ರಿಕ್ ಓದಿದವಳು, ಚಿಕ್ಕಂದಿನಲ್ಲಿ ಕೋಟದ ಕಡಲಿನಲ್ಲಿ ಆಡಿ ಬೆಳೆದವಳು, ಮದರಾಸಿಗೆ ಬಂದ ಮೇಲೆ ಪೆರಂಬೂರಿನ ಎರಡು ಕೋಣೆಯಲ್ಲಿ ಅಮ್ಮನ ಕಾಯಿಲೆ ನೋಡಿಕೊಂಡೇ ಕಾಲ ಕಳೆದವಳು ಎಂದೆಲ್ಲ ಹೇಳಿದರು. ಗಂಡಿನವರ ಬಾಯಿ ಮುಚ್ಚಿಸುವುದು ಒಂದು ಕಡೆಗಿರಲಿ, ಮಗಳಿಗೆ ಏಳು ದಿನವಾದರೂ ಸುಖ ಸಿಗಲಿ ಎಂಬುದೇ ಅವರ ಆಸೆಯಾಗಿತ್ತು. ನಾನು ರಸೀದಿ ಬರೆದುಕೊಟ್ಟೆ.

ಹೊರಡಲು ಎಂಟು ದಿನ ಇರುವಾಗ ಹುಡುಗನ ತಾಯಿ ಪದ್ಮಾವತಮ್ಮ ಮಗನ ಜೊತೆ ಆಫೀಸಿಗೆ ಬಂದರು. ತಾವೂ ಹೋಗುವುದೆಂದು ಆಗಿತ್ತು. ವಿಧವೆ ತಾಯಿ ಒಬ್ಬಳೇ ಮನೆಯಲ್ಲಿ ಇರುವುದು ಹೇಗೆ, ಆಕೆಯೂ ನಾಲ್ಕು ದೇಶ ನೋಡಬೇಡವೇ? ಮೂರನೆಯವರ ಖರ್ಚು ಯಾರ ತಲೆಯ ಮೇಲೆ ಬಿತ್ತೆಂದು ಹೇಳಬೇಕಾಗಿಲ್ಲ. ಆಕೆ ಕೇಳಿದ್ದು ಒಂದೇ: “ನಾನು ಹೋಟೆಲ್ ಸಾಪ್ಪಾಡು ಮುಟ್ಟೋದಿಲ್ಲಪ್ಪ. ಅಲ್ಲಿ ಮಡಿಯಲ್ಲಿ ಒಂದು ಸ್ಟವ್ ಹಚ್ಚೋಕ್ಕಾದ್ರೂ ಆಗತ್ತಾ?”

ಮೂರು ಜನರ ಬುಕಿಂಗ್ ಕೈತಪ್ಪುವ ಹೆದರಿಕೆ ನನಗೆ. ಎಲ್ಲ ವ್ಯವಸ್ಥೆ ಆಗುತ್ತದೆ ಅಮ್ಮ ಎಂದುಬಿಟ್ಟೆ.

ಮದುವೆ ಮುಗಿದು, ಫೆಬ್ರವರಿಯಲ್ಲಿ ಹೊರಟೆವು. ಗುಂಪಿನಲ್ಲಿ ಒಟ್ಟು ಹನ್ನೊಂದು ಜನ. ಹತ್ತು ಜನರ ಸಾಮಾನು ಒಂದು ತೂಕವಾದರೆ ಪದ್ಮಾವತಮ್ಮನದೇ ಇನ್ನೊಂದು ತೂಕ. ಅಕ್ಕಿ, ಬೇಳೆ, ಹುಣಸೆಹಣ್ಣು, ಹಪ್ಪಳ, ಹಿತ್ತಾಳೆ ಪಾತ್ರೆಗಳು, ಗೋಣಿಯಲ್ಲಿ ಸುತ್ತಿದ ಸೀಮೆಎಣ್ಣೆಯ ಪ್ರೈಮಸ್ ಸ್ಟವ್. ತಲೈಮನ್ನಾರಿನಲ್ಲಿ ಕಸ್ಟಮ್ಸಿನವನು ಉಪ್ಪಿನಕಾಯಿ ಭರಣಿಗೆ ಕಡ್ಡಿ ಹಾಕಿ ತಿರುವಿದ. ಅದು ಮೈಲಿಗೆಯಾಯಿತೆಂದು ಆಕೆ ಅಷ್ಟನ್ನೂ ಅಲ್ಲೇ ಸುರಿಸಿದರು. ವಾರಿಜಾ ಹಡಗಿನ ಕಟಕಟೆ ಹಿಡಿದು ನಿಂತು ನೀರು ನೋಡುತ್ತಾ ಬಂದಿದ್ದಳು. ನಗುಮುಖದ ಹುಡುಗಿ, ಹತ್ತೊಂಬತ್ತು ವರ್ಷ. ನನ್ನನ್ನು ಹೊಳ್ಳ ಮಾವ ಎಂದು ಕರೆಯುತ್ತಿದ್ದಳು.

ಹೋಟೆಲಿನಲ್ಲಿ ಮೂರನೆಯ ದಿನ ಬೆಳಿಗ್ಗೆ ಬಿಳಿಯ ಮ್ಯಾನೇಜರ್ ನನ್ನನ್ನು ಕರೆಸಿ, ಬಾತ್‌ರೂಮಿನಿಂದ ಹೊಗೆ ಬರುತ್ತಿದೆ, ಇದೇನು ಹೋಟೆಲೋ ಸತ್ರವೋ ಎಂದು ಕೂಗಾಡಿದ. ಹೋಗಿ ನೋಡಿದೆ. ಅಮೃತಶಿಲೆಯ ನೆಲ, ಹೊಳೆಯುವ ಬಿಳಿ ತೊಟ್ಟಿ. ಅದರ ಪಕ್ಕದಲ್ಲಿ ವಾರಿಜಾ ಒದ್ದೆ ಸೀರೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಒಂದೇ ಕಿಟಕಿ, ಅದಕ್ಕೂ ಗಾಜು. ಸೊಸೆ ಬಂದ ಮೇಲೂ ಅತ್ತೆ ಒಲೆಯ ಮುಂದೆ ಕೂತರೆ ನಾಲ್ಕು ಜನ ಏನಂತಾರೆ ಎಂದು ಪದ್ಮಾವತಮ್ಮ ವರಾಂಡದ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ನಲ್ಲಿಯ ನೀರು ಅಡುಗೆಗೆ ಆಗುವುದಿಲ್ಲ, ನಲ್ಲಿಯೊಳಗೆ ಚರ್ಮದ ವಾಷರ್ ಇರುತ್ತದೆ. ಅದಕ್ಕೆಂದು ಹುಡುಗಿ ಬೆಳಗಿನ ಜಾವವೇ ಎದ್ದು, ಹೋಟೆಲಿನ ಹಿಂದೆ ಮಾಲಿಗಳ ಬಾವಿಯಿಂದ ನೀರು ಸೇದಿ ಎರಡು ಮಹಡಿ ಹತ್ತಿಸುತ್ತಿದ್ದಳು.

ರಘುನಾಥ ಎಲ್ಲಿ ಎಂದು ಹುಡುಕಿದರೆ ಡೈನಿಂಗ್ ಹಾಲಿನಲ್ಲಿದ್ದ. ತಟ್ಟೆಯಲ್ಲಿ ಆಮ್ಲೆಟ್. ಮಡಿ ಗಂಡಸರ ನಾಲಿಗೆಗೆ ತಟ್ಟುವುದಿಲ್ಲ ನೋಡಿ! ನಿಮ್ಮ ಹೆಂಡತಿ ಇನ್ನೂ ಕಡಲ ದಡಕ್ಕೇ ಇಳಿದಿಲ್ಲವಲ್ಲ ಎಂದು ಮೆಲ್ಲಗೆ ಕೇಳಿದೆ.

“ಅಮ್ಮ ಅಪ್ಪಡಿ ದಾನ್ ಸರ್, ಅವರು ಇರೋದೇ ಹಾಗೆ. ಏಳು ದಿನ ತಾನೆ, ಷೀ ವಿಲ್ ಅಡ್ಜಸ್ಟ್,” ಎಂದು ಅವನು ಟೋಸ್ಟಿಗೆ ಜಾಮ್ ಹಚ್ಚಿಕೊಂಡ.

ಈಗ ನನ್ನ ಸರದಿ. ಹೋಟೆಲಿನ ಕಾನೂನು ನನ್ನ ಕಡೆಗಿತ್ತು. ಒಲೆ ಹಚ್ಚಕೂಡದು ಎಂದು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರೆ ಮುಗಿದಿತ್ತು. ಆಕೆ ಹಣ್ಣು ಹಾಲು ತಿಂದುಕೊಂಡು ಇನ್ನು ನಾಲ್ಕು ದಿನ ಇರುತ್ತಿದ್ದರು, ಹುಡುಗಿ ಅಲೆಯಲ್ಲಿ ಕಾಲು ನೆನೆಸುತ್ತಿದ್ದಳು. ಆದರೆ ಆಕೆ ಮದರಾಸಿಗೆ ಬಂದು ಕಂಪನಿಗೆ ದೂರು ಬರೆದರೆ? ಗಿರಾಕಿಯ ಮುಖ ಬಾಡದಂತೆ ನೋಡಿಕೊಳ್ಳುವುದೇ ಒಳ್ಳೆಯ ಕಂಡಕ್ಟರನ ಲಕ್ಷಣ ಎಂದು ನಮಗೆ ಕಲಿಸಿದ್ದರು. ನಾನು ಮ್ಯಾನೇಜರನ ಕೈಕಾಲು ಹಿಡಿದು, ಹಿತ್ತಲಲ್ಲಿ ಮಾಲಿಗಳು ಗುದ್ದಲಿ ಇಡುತ್ತಿದ್ದ ತಗಡಿನ ಶೆಡ್ಡನ್ನು ಖಾಲಿ ಮಾಡಿಸಿ, ತೊಳೆಸಿ, ಒಂದು ಸೌದೆ ಒಲೆ ಹೂಡಿಸಿ, ಅಡುಗೆಗೆ ಕೊಡಿಸಿದೆ. ಬಾವಿ ಪಕ್ಕದಲ್ಲೇ. ಹೊಗೆಗೆ ಅಡ್ಡಿಯಿಲ್ಲ. ಹೊಳ್ಳರು ದೇವರ ಹಾಗೆ ಬಂದರು ಎಂದು ಪದ್ಮಾವತಮ್ಮ ಹೊಗಳಿದರು, ನಾನು ಉಬ್ಬಿಹೋದೆ. ಜಾಗ ಅನುಕೂಲವಾದ ಮೇಲೆ ಆಕೆಗೆ ಮಧ್ಯಾಹ್ನಕ್ಕೆ ಬೋಂಡಾ, ರಾತ್ರಿಗೆ ಬಿಸಿ ದೋಸೆಯೂ ಬೇಕಾಯಿತು. ಆ ಶೆಡ್ಡಿನಿಂದ ಸಮುದ್ರ ಕಾಣುತ್ತಿರಲಿಲ್ಲ.

ಕೊನೆಯ ದಿನ ಹೋಟೆಲಿನ ಫೋಟೋದವನು ಎಲ್ಲರನ್ನೂ ದಡದಲ್ಲಿ ನಿಲ್ಲಿಸಿ ಚಿತ್ರ ತೆಗೆದ. ಆಗ ಹತ್ತು ನಿಮಿಷ ವಾರಿಜಾ ಮರಳಿನ ಮೇಲೆ ನಿಂತಳು. ಡೈನಿಂಗ್ ಹಾಲಿನಲ್ಲಿ ಹೊತ್ತಿಗೊಂದು ಹಾಳೆ ಹರಿದು ಕೊಡಬೇಕಾದ ಅವಳ ಊಟದ ಕೂಪನ್ ಪುಸ್ತಕ ನನ್ನ ಕೈಗೆ ಬಂದಾಗ ಒಂದು ಹಾಳೆಯೂ ಹರಿದಿರಲಿಲ್ಲ. ಅಲ್ಲಿ ಬೇರೆ ಯಾರೂ ಇಲ್ಲದಾಗ ಅವಳು ಹೇಳಿದಳು: “ಮಾವ, ಅಪ್ಪ ಕೇಳಿದ್ರೆ ನಾನು ದಿನಾ ಸಮುದ್ರಕ್ಕೆ ಹೋಗ್ತಿದ್ದೆ ಅಂತ ಹೇಳಿ. ಒಲೆಯ ವಿಷಯ ಹೇಳ್ಬೇಡಿ.”

ನಾವು ಮದರಾಸಿಗೆ ಮರಳಿದ ಎರಡೇ ದಿನದಲ್ಲಿ ಐತಾಳರು ಆಫೀಸಿಗೆ ಓಡಿಬಂದರು. ಅವಳು ಹೇಳಿಕೊಟ್ಟಂತೆಯೇ ಹೇಳಿದೆ, ನನ್ನದೂ ಸ್ವಲ್ಪ ಉಪ್ಪುಖಾರ ಸೇರಿಸಿದೆ. ಕೊಟ್ಟ ದುಡ್ಡು ಸಾರ್ಥಕವಾಯಿತು ಎಂದು ಅವರು ನನ್ನ ಎರಡೂ ಕೈ ಹಿಡಿದುಕೊಂಡರು. ಅವತ್ತು ನನಗೆ ನಾಚಿಕೆಯಾಯಿತು. ಆದರೆ ಮಾತು ಕೊಟ್ಟಿದ್ದೇನಲ್ಲ ಎಂದು ಅದನ್ನು ನುಂಗಿಕೊಂಡೆ.

ಎರಡು ವರ್ಷ ಕಳೆಯಿತು. 1956ರ ಮಾರ್ಚಿನಲ್ಲಿ ಅವರು ಮತ್ತೆ ಬಂದರು. ಎರಡನೆಯ ಮಗಳು ಗಿರಿಜಾಳ ಮದುವೆ. ಈ ಸಲದ ಬೀಗರು ಪಾಪ, ಸಿಲೋನಿನ ಸುದ್ದಿಯನ್ನೇ ಎತ್ತಿರಲಿಲ್ಲ. ಐತಾಳರೇ ಮೇಲೆ ಬಿದ್ದು ಮಾತು ಕೊಟ್ಟಿದ್ದರು. ಅಕ್ಕನಿಗೆ ಸಿಕ್ಕಿದ್ದು ತಂಗಿಗೂ ಸಿಗಲಿ ಎಂದು. ಹುಡುಗನ ತಾಯಿಯೂ ಹೊರಟಿದ್ದಾರೆ, ಅವರೂ ಬಹಳ ಆಚಾರದವರು ಎಂದು ನಗುನಗುತ್ತಾ ಹೇಳಿದರು. ನನಗೆ ಇನ್ನು ತಡೆಯಲಾಗಲಿಲ್ಲ. ಒಳಗಿನ ಕೋಣೆಗೆ ಕರೆದುಕೊಂಡು ಹೋಗಿ, ಬಾತ್‌ರೂಮು, ಬಾವಿ, ಶೆಡ್ಡು, ಎಲ್ಲವನ್ನೂ ಹೇಳಿದೆ. ಶೆಡ್ಡು ಕೊಡಿಸಿದವನು ನಾನೇ ಎಂಬುದನ್ನೂ ಬಿಡಲಿಲ್ಲ.

ಅವರು ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಈ ಬುಕಿಂಗ್ ಬೇಡ, ದುಡ್ಡು ವಾಪಸ್ ತೆಗೆದುಕೊಂಡು ಹೋಗಿ ಎಂದೆ. ಆಗುವುದಿಲ್ಲ, ಬೀಗರು ನೆಂಟರಿಗೆಲ್ಲ ಹೇಳಿಯಾಗಿದೆ ಎಂದರು. ಆಮೇಲೆ, ಗಿರಾಕಿಗಳ ಜೊತೆ ಆಳು ಬಂದರೆ ಹೋಟೆಲಿನವರು ಎಷ್ಟು ತೆಗೆದುಕೊಳ್ಳುತ್ತಾರೆ ಎಂದು ಕೇಳಿದರು. ಆಳಿಗೆ ಕಾಲುಭಾಗದ ದರ, ಹಿತ್ತಲಿನ ಸಾಲುಮನೆಯಲ್ಲಿ ಚಾಪೆ, ರೈಲಿನಲ್ಲಿ ಥರ್ಡ್ ಕ್ಲಾಸ್ ಎಂದೆ.

“ಹಾಗಾದ್ರೆ ಅಡುಗೆಗೆ ಒಂದು ಆಳು ಬರೀರಿ.”

“ಹೆಸರು?”

“ಸೀತಾರಾಮ ಐತಾಳ. ವಯಸ್ಸು ಐವತ್ತನಾಲ್ಕು,” ಎಂದರು. “ನನ್ನ ಮಗು ಸಮುದ್ರ ನೋಡ್ಲಿ.”

ಹೆಣ್ಣು ಕೊಟ್ಟ ಬೀಗರು ಗಂಡಿನವರಿಗೆ ಅಡುಗೆಯ ಆಳಾಗಿ ಹೊರಡುವುದೇ? ಬೇಡ ಎಂದು ಅಂಗಲಾಚಿದೆ. ಬರೆಯದಿದ್ದರೆ ಪಕ್ಕದ ಕಂಪನಿಯವರು ಬರೆಯುತ್ತಾರೆ ಎಂದರು. ಬರೆದೆ. ಫಾರಂನಲ್ಲಿ ಉದ್ಯೋಗದ ಕಾಲಂ ಇತ್ತು. ಮೂವತ್ತು ವರ್ಷ ರೈಲ್ವೆಯಲ್ಲಿ ಮಾನದಿಂದ ದುಡಿದ ಮನುಷ್ಯನ ಹೆಸರಿನ ಎದುರು ನನ್ನ ಕೈಯಾರೆ 'ಸರ್ವೆಂಟ್' ಎಂದು ಬರೆದೆ. ಹೊಸ ಬೀಗರು ಬೇಡ ಅನ್ನಲಿಲ್ಲವಂತೆ. ಒಳ್ಳೆಯದೇ ಆಯಿತು, ರುಚಿಯಾದ ಊಟ ಸಿಗುತ್ತದೆ ಎಂದರಂತೆ.

ಆ ಗುಂಪಿನ ಜೊತೆ ಹೋದವನು ನನ್ನ ಸಹೋದ್ಯೋಗಿ. ಬಂದ ಕೂಡಲೇ ವಿಚಾರಿಸಿದೆ. ಮೊದಲ ದಿನ ಹುಡುಗಿ ಗಂಡನ ಜೊತೆ ಅಲೆಯಲ್ಲಿ ಆಡಿದಳಂತೆ. ಎರಡನೆಯ ದಿನ ಹಿತ್ತಲಿಗೆ ಹೋಗಿ, ಅಪ್ಪ ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತಾ ತರಕಾರಿ ಹೆಚ್ಚುವುದನ್ನು ನೋಡಿದಳಂತೆ. ಅಲ್ಲಿಂದ ಮುಂದೆ ಐದು ದಿನವೂ ಅವಳು ಆ ಶೆಡ್ಡು ಬಿಟ್ಟು ಕದಲಲಿಲ್ಲ. ಅಪ್ಪ ಬೈದು ಹೊರಗೆ ಕಳಿಸುವುದು, ಅವಳು ತಿರುಗಿ ಬಂದು ಈಳಿಗೆಮಣೆಯ ಮುಂದೆ ಕೂರುವುದು. ಅಪ್ಪ ಒಲೆ ಊದುತ್ತಿರುವಾಗ ಸಮುದ್ರಸ್ನಾನ ಮಾಡುವ ಮಗಳು ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ನನ್ನ ಸತ್ಯ ಮಾಡಿದ ಉಪಕಾರ ಇಷ್ಟು: ಒಬ್ಬಳು ಕೂರುತ್ತಿದ್ದ ಕಡೆ ಇಬ್ಬರನ್ನು ಕೂರಿಸಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದವನು ನಾನು.

ಐತಾಳರು ಆಮೇಲೆ ನಮ್ಮ ಆಫೀಸಿನ ಮೆಟ್ಟಿಲು ಹತ್ತಲಿಲ್ಲ. ಎಗ್ಮೋರ್ ಸ್ಟೇಷನ್ನಿನಲ್ಲಿ ಒಂದು ಸಲ ಎದುರಾದಾಗ ನಾನೇ ತಲೆ ತಗ್ಗಿಸಿಕೊಂಡು ಇನ್ನೊಂದು ಪ್ಲಾಟ್‌ಫಾರಂಗೆ ಹೋದೆ.

ಪ್ರವಾಸದ ಉದ್ಯೋಗದಲ್ಲಿ ಇಪ್ಪತ್ತೆಂಟು ವರ್ಷ ಕಳೆದೆ. ಇಷ್ಟು ದುಡ್ಡಿಗೆ ಅದು ಯೋಗ್ಯವೇ ಎಂದು ಕೌಂಟರಿನ ಆಚೆಯಿಂದ ಕೇಳಿದವರಿಗೆ ಲೆಕ್ಕವಿಲ್ಲ. 1956ರ ನಂತರ ನಾನು ಕಡಲಿನ ಬಣ್ಣ, ರೂಮಿನ ಅಂದ ವರ್ಣಿಸುವುದನ್ನು ಬಿಟ್ಟೆ. ಮೊದಲು ಒಂದು ಪ್ರಶ್ನೆ ಕೇಳುತ್ತಿದ್ದೆ: ಅಲ್ಲಿ ನಿಮಗೆಲ್ಲ ಅಡುಗೆ ಯಾರು ಮಾಡುತ್ತಾರೆ? ಇದರಿಂದ ಎಷ್ಟೋ ಬುಕಿಂಗ್ ಹೋದವು, ಕಂಪನಿಯ ಮ್ಯಾನೇಜರರಿಂದ ಬೈಗುಳ ತಿಂದೆ. ಗಂಡಸರು ಇವನಿಗೇನು ತಲೆ ಕೆಟ್ಟಿದೆಯೇ ಎಂಬಂತೆ ನಕ್ಕುಬಿಡುತ್ತಿದ್ದರು. ಅವರ ಪಕ್ಕದಲ್ಲಿ ಅಷ್ಟು ಹೊತ್ತೂ ಸುಮ್ಮನೆ ಕೂತಿರುತ್ತಿದ್ದ ಹೆಂಗಸು ಮಾತ್ರ ತಲೆಯೆತ್ತಿ ನನ್ನ ಮುಖ ನೋಡುತ್ತಿದ್ದಳು.