ದಕ್ಷಿಣಾಮೂರ್ತಿಯವರ ಒಪ್ಪೋಲೆ

ಸೇನಾ ನೆಲೆಯೊಂದು ಮುಚ್ಚಿದರೆ ಸುತ್ತಲ ಊರಿನ ಬದುಕು ಏನಾದೀತೆಂದು ಮುಂಚಿತವಾಗಿ ಅಂದಾಜಿಸುವ ವಿದ್ಯೆಯಲ್ಲಿ, ದೆಹಲಿ ಕನ್ನಡಿಗರ ಪೈಕಿ ಶ್ರೀ ದಕ್ಷಿಣಾಮೂರ್ತಿಯವರಿಗೆ ಸಾಟಿಯಿಲ್ಲ. ಆ ವಿದ್ಯೆಗೆ ಕೈಹಾಕಿದ ಕನ್ನಡಿಗರು ಬೇರೆ ಯಾರೂ ಇಲ್ಲವೆಂಬುದೂ ಅಷ್ಟೇ ನಿಜ. ಲೋಧಿ ಕಾಲೋನಿಯ ಸರ್ಕಾರಿ ಮನೆಯಿಂದ ಮೂವತ್ತೊಂದು ವರ್ಷ ನಡೆದೇ ಕಚೇರಿಗೆ ಹೋಗಿ, ಈ ೨೦೦೯ರ ಮಾರ್ಚಿನಲ್ಲಿ ನಿವೃತ್ತರಾಗುತ್ತಿರುವ ಅವರ ಹೆಸರಿನಲ್ಲಿ ಹನ್ನೆರಡು ವರದಿಗಳಿವೆ. ಇಲ್ಲಿ ಹೇಳಹೊರಟಿರುವುದು ಒಂದರ ಸಂಗತಿ ಮಾತ್ರ.

೨೦೦೪ರಲ್ಲಿ ಹರಿಯಾಣದ ಗಡಿಯ ಪುಟ್ಟ ಊರೊಂದರ ಸೇನಾ ಡಿಪೋ ಮುಚ್ಚುವುದೆಂದಾಯಿತು. ಯಾರ್ಯಾರ ಕೆಲಸ ಹೋಗುತ್ತದೆಂದು ವರದಿ ಹೇಳಬೇಕು. ಅದರಲ್ಲಿ ಸೇರಿದವರಿಗಷ್ಟೇ ಬದಲಿ ಕೆಲಸ. ಎಣಿಕೆಯ ಹೊಣೆ ಅವರ ಕೈಕೆಳಗಿದ್ದ, ದೆಹಲಿಯ ಆರ್.ಕೆ.ಪುರಂನಲ್ಲೇ ಬೆಳೆದ ಹರಿಣಿಯದು. ಸೇರಿ ಹತ್ತು ತಿಂಗಳಾಗಿತ್ತು, ಇನ್ನೂ ಕಾಯಂ ಆಗಿರಲಿಲ್ಲ. ಗೇಟಿನ ಬಳಿ ನಿಂತು ಒಳಹೋದವರನ್ನೆಲ್ಲ ಎಣಿಸಿದಳು, ವರದಿ ಅಚ್ಚಾಯಿತು. ಪ್ರತಿ ಕೊಡಲು ಮತ್ತೆ ಹೋದ ದಿನ, ಹರಿದ ಡೇರೆಗಳನ್ನು ಹೇರಿಕೊಂಡ ಸೈಕಲ್ಲುಗಳು ಅದೇ ಗೇಟಿನಿಂದ ಹೊರಬಂದವು. ಹಿಂದೆಯೇ ಹೋಗಿ ನೋಡಿದರೆ, ಮನೆಮನೆಯಲ್ಲೂ ಹೆಂಗಸರು ಡೇರೆ ಹೊಲಿಯುತ್ತಿದ್ದರು. ಮುನ್ನೂರು ಜನ! ಎಲ್ಲ ಡಿಪೋದ್ದೇ ಕೆಲಸ. ವರದಿಯಲ್ಲಿ ಒಬ್ಬರ ಸುಳಿವೂ ಇಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಹರಿಣಿಯ ಕೆಲಸ ಉಳಿಯುತ್ತಿತ್ತು, ಆ ಹೆಂಗಸರಿಗೆ ಬದಲಿ ಕೆಲಸ ಸಿಗುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ದಕ್ಷಿಣಾಮೂರ್ತಿಯವರ ಮೇಜಿನೆದುರು ನಿಂತಳು.

“ಸರ್, ಗಲತಿ ನಂದೇ. ಗೇಟ್ ಒಳಗೆ ಹೋದೋರನ್ನ ಮಾತ್ರ ಎಣಿಸಿದೆ. ನನ್ನ ನೌಕರಿ ಹೋಗುತ್ತಾ?”

“ಅಚ್ಛಾ, ಹೋದಾಗ ನೋಡೋಣ. ವರದಿ ಒಪ್ಪೋ ಸಭೆ ಇರೋದು ಮೂರು ಗಂಟೆಗೆ. ಮೊದಲು ಗೋಂದು ತಗೊಂಡು ಬಾಮ್ಮ.”

ಅಚ್ಚಾದ ಪುಸ್ತಕದ ತಪ್ಪು ತಿದ್ದುವ ಚೀಟಿಗೆ ನಮ್ಮಲ್ಲಿ ಒಪ್ಪೋಲೆ ಎನ್ನುತ್ತಾರಷ್ಟೆ. ಅಂಥದೊಂದನ್ನು ಅವರೇ ಟೈಪ್ ಮಾಡಿ ತಂದರು. ಇಬ್ಬರೂ ಕೂತು ಅರವತ್ತು ಪ್ರತಿಗಳಿಗೂ ಅಂಟಿಸಿದರು. ಮುನ್ನೂರು ಹೆಂಗಸರೂ ಪಟ್ಟಿಗೆ ಸೇರಿದರು. ಕೊನೆಯ ಸಾಲನ್ನು ಹರಿಣಿ ಓದಿದ್ದು ಅಂಟಿಸುವಾಗಲೇ: ‘ಎಣಿಕೆಯ ತಪ್ಪು ದಕ್ಷಿಣಾಮೂರ್ತಿಯದು.’ ಅವಳ ಕೈ ಆ ಸಾಲಿನ ಮೇಲೆಯೇ ನಿಂತಾಗ ಅವರು, “ಒಣಗ್ಲಿ, ಮುಟ್ಟಬೇಡ” ಎಂದರು, ಅಷ್ಟೇ.

ಹರಿಣಿ ಕಾಯಂ ಆದಳು. ಅವರಿಗೆ ಬರಬೇಕಿದ್ದ ಬಡ್ತಿ ಆ ವರ್ಷವೂ ಬರಲಿಲ್ಲ, ಆಮೇಲೂ ಬರಲಿಲ್ಲ. ಆ ಮಾತನ್ನು ಅವರು ಎಂದೂ ಎತ್ತಲಿಲ್ಲ. ಅವಳಿಗೆ ಎತ್ತುವ ಧೈರ್ಯವಾಗಲಿಲ್ಲ.

ಪೂಜ್ಯರು ಆರೋಗ್ಯದಿಂದ ನೂರ್ಕಾಲ ಬಾಳಲಿ, ಅರ್ಧಕ್ಕೆ ನಿಂತಿರುವ ಹದಿಮೂರನೆಯ ವರದಿಯನ್ನು ಮನೆಯಲ್ಲಿ ಕೂತೇ ಮುಗಿಸಲಿ. ಇನ್ನು ತಿದ್ದುಪಡಿಯೊಂದು ಐದು ವರ್ಷ ತಡವಾಗಿದೆ. ಆ ಒಪ್ಪೋಲೆಯ ಕೊನೆಯ ಸಾಲಿನಲ್ಲಿ ‘ದಕ್ಷಿಣಾಮೂರ್ತಿ’ ಎಂದಿರುವಲ್ಲಿ ‘ಹರಿಣಿ’ ಎಂದು ಓದಿಕೊಳ್ಳಬೇಕಾಗಿ, ಈ ಲೇಖನ ಬರೆದಿರುವ ಹರಿಣಿಯ ವಿನಂತಿ.